ಅವ್ವನ ಪಾಲಿನ ಹಾಲು

ಧಾರವಾಡದ ಮಾಳಮಡ್ಡಿಯ ತ್ರ್ಯಂಬಕರಾಯರ ಮನೆಯಲ್ಲಿ ಊಟಕ್ಕೊಂದು ಕ್ರಮವಿತ್ತು. ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಅಜ್ಜಿ, ರಾಯರ ತಾಯಿ ಕಾಶೀಬಾಯಿ. ಸೊಸೆ ಲಕ್ಷ್ಮೀಬಾಯಿ ನಸುಕಿನಲ್ಲಿ ಬಾವಿಯ ನೀರು ಹೊಯ್ದುಕೊಂಡು, ಒದ್ದೆ ಸೀರೆಯಲ್ಲೇ ಮಡಿಯ ಅಡಿಗೆಗೆ ನಿಂತರೆ ಅವಳು ಊಟಕ್ಕೆ ಕೂರುವಾಗ ಮಧ್ಯಾಹ್ನ ಮೂರು ಗಂಟೆ. ಪಾತ್ರೆಯ ತಳದಲ್ಲಿ ಉಳಿದದ್ದು ಅವಳ ಊಟ. ಏನೂ ಉಳಿಯದ ದಿನ ತನಗೆ ಹಸಿವಿಲ್ಲ ಎನ್ನುತ್ತಿದ್ದಳು. ಹನ್ನೊಂದು ವರ್ಷದ ಮಗಳು ಮಂದಾಕಿನಿ ಅದನ್ನು ನಿಜವೆಂದೇ ನಂಬಿದ್ದಳು.

ಐದನೆಯ ಬಾಣಂತನದ ಮೇಲೆ ಲಕ್ಷ್ಮೀಬಾಯಿಗೆ ದಿನಾ ಸಂಜೆ ಜ್ವರ ಬರತೊಡಗಿತು. ಒಮ್ಮೆ ಒಲೆಯ ಮುಂದೆಯೇ ತಲೆಸುತ್ತಿ ಬಿದ್ದಳು. ರಾಯರು ಕರೆಸಿದ ಡಾಕ್ಟರಬಾಯಿ, ಮೈಮೇಲೆ ಒಣ ಬಟ್ಟೆ ಇರಲಿ, ದಿನಕ್ಕೊಂದು ದೊಡ್ಡ ಲೋಟ ಹಾಲು ಕುಡಿಯಲಿ, ಮಧ್ಯಾಹ್ನ ಒಂದು ತಾಸು ಮಲಗಲಿ ಎಂದರು.

“ನಾ ಏಳು ಹಡದೀನ್ರಿ,” ಎಂದರು ಕಾಶೀಬಾಯಿ. “ಹಗಲಿನ್ಯಾಗ ಒಮ್ಮೆರೆ ನೆಲಕ್ಕ ಬೆನ್ನು ಹಚ್ಚಿಲ್ಲ. ತಾಯಿ ಆದಾಕಿಗೆ ತನ್ನ ಪಾಲು ಅಂತ ಬ್ಯಾರೆ ಏನಿರ್ತದರಿ?”

ಆ ಏಳರಲ್ಲಿ ಉಳಿದವರು ಇಬ್ಬರೇ ಎಂಬುದನ್ನು ಅವರು ಹೇಳಲಿಲ್ಲ.

“ಈಕಿ ಉಳದರ ಮಕ್ಕಳು ಉಳೀತಾವ್ರಿ,” ಎಂದರು ಡಾಕ್ಟರಬಾಯಿ. “ತನ್ನ ಮೈ ತಾ ನೋಡಿಕೊಳ್ಳೋದು ಪಾಪ ಅಲ್ಲ.”

ರಾಯರು ಸಭೆಗಳಲ್ಲಿ ಸ್ತ್ರೀಯರ ಏಳಿಗೆಯ ಬಗ್ಗೆ ಭಾಷಣ ಮಾಡುವವರು. ಹಾಲೇನೋ ಗೊತ್ತು ಮಾಡಿಸಿದರು. ಮಡಿಯ ಮಾತು ಬಂದಾಗ ಮಾತ್ರ, ತಾಯಿಯ ಮನಸ್ಸು ನೋಯಿಸಲಾರೆನೆಂದು ಪತ್ರಿಕೆಯನ್ನು ಮುಖಕ್ಕೆ ಹಿಡಿದರು. ಮನೆಯೊಳಗೆ ಭಾಷಣಕ್ಕೆ ಚಪ್ಪಾಳೆ ಎಲ್ಲಿ ಬರಬೇಕು!

ದಿನಾ ಮೂರು ಗಂಟೆಗೆ ಲಕ್ಷ್ಮೀಬಾಯಿ ಹಾಲಿನ ಲೋಟ ಹಿಡಿದು ಉಗ್ರಾಣದ ಕೋಣೆಗೆ ಮಗಳನ್ನು ಕರೆಯುತ್ತಿದ್ದಳು.

“ನೀ ಕುಡಿ. ಮಕ್ಕಳನ್ನ ಬಿಟ್ಟು ಒಬ್ಬಾಕೀನ ಕೂತು ಕುಡೀಲಿಕ್ಕೆ ನಾಚಿಕಿ ಬರ್ತದ. ಯಾರಿಗೂ ಹೇಳಬ್ಯಾಡ.”

ಮಂದಾಕಿನಿ ಒಂದೇ ಉಸಿರಿಗೆ ಕುಡಿಯುತ್ತಿದ್ದಳು. ತಾಯಿ ಒದ್ದೆ ಸೆರಗಿನಿಂದ ಅವಳ ತುಟಿ ಒರೆಸಿ, ತಾನೇ ಕುಡಿದಷ್ಟು ತೃಪ್ತಿಯಿಂದ ಮುಸುರೆ ತಿಕ್ಕಲು ಹೋಗುತ್ತಿದ್ದಳು. ಮಲಗುವ ಒಂದು ತಾಸಿಗೂ ಹೀಗೆಯೇ ಏನಾದರೊಂದು ಕೆಲಸ ಸಿಗುತ್ತಿತ್ತು.

ಪುಷ್ಯದ ಚಳಿಯಲ್ಲಿ ಮಾವನ ಶ್ರಾದ್ಧ ಬಂತು. ಇಡೀ ದಿನ ಒದ್ದೆ ಸೀರೆಯಲ್ಲಿ ನಡುಗುತ್ತ ಒಲೆಯ ಮುಂದೆ ಬೆಂದ ಲಕ್ಷ್ಮೀಬಾಯಿ ಮರುದಿನ ಏಳಲಿಲ್ಲ. ಎಂಟನೆಯ ದಿನ ತೀರಿಕೊಂಡಳು.

ಹದಿಮೂರನೆಯ ದಿನ ಸೇರಿದ ಹೆಂಗಸರೆಲ್ಲ ಅವಳನ್ನು ಹೊಗಳಿದರು. ಪುಣ್ಯವಂತೆ, ಮುತ್ತೈದೆಯಾಗಿ ಹೋದಳು, ಒಂದು ದಿನ ಸುಮ್ಮನೆ ಕುಳಿತವಳಲ್ಲ ಎಂದರು. ಆರು ತಿಂಗಳು ಹಾಲು ಕುಡಿಸಿದರೂ ಉಳಿಯಲಿಲ್ಲವೆಂದು ರಾಯರು ಕಣ್ಣೊರೆಸಿಕೊಂಡರು.

“ಆ ಹಾಲು ನಾ ಕುಡದೀನಿ, ಅಪ್ಪಾ,” ಎಂದಳು ಮಂದಾಕಿನಿ. “ಅವ್ವ ಒಂದು ಗುಟುಕೂ ಕುಡೀಲಿಲ್ಲ.”



ಮರುದಿನ ಬೆಳಿಗ್ಗೆ ಕಾಶೀಬಾಯಿ ಬಾವಿಯ ಬಳಿ ಮೊಮ್ಮಗಳ ಕೈಗೆ ಒದ್ದೆ ಸೀರೆ ಕೊಟ್ಟರು. “ಇನ್ನ ಮನ್ಯಾಗ ನೀನ ದೊಡ್ಡಾಕಿ. ಎಲ್ಲಾರದೂ ಆದಮ್ಯಾಲೆ ನಿಂದು.”

ಮಂದಾಕಿನಿ ಸೀರೆಯನ್ನು ಹಿಂಡಿ ಬಿಸಿಲಿಗೆ ಹರವಿದಳು. ಒಣ ಲಂಗದಲ್ಲೇ ಒಳಗೆ ಬಂದು ತಮ್ಮ-ತಂಗಿಯರಿಗೆ ರಾತ್ರಿ ಉಳಿದ ಅನ್ನ ಬಡಿಸಿದಳು. ಆಮೇಲೆ ಅವರ ಪಕ್ಕದಲ್ಲಿ ತನಗೂ ಒಂದು ತಾಟು ಇಟ್ಟುಕೊಂಡು ಕುಳಿತಳು.

“ನನಗ ಹಸಿವಿ ಆಗ್ಯದ, ಅಜ್ಜಿ,” ಎಂದಳು.