ಉಪ್ಪು ಸರಿಯಾಗಿದೆ ಎಂದರು ಹೆಡ್‌ಮಾಸ್ಟರು

ತೆರಕಣಾಂಬಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಪುಟ್ಟಮಾದಮ್ಮನಿಗೆ ನೆಗಡಿಯಾಗಿ ಮೂಗು ಕಟ್ಟಿಕೊಂಡಿತ್ತು. ಮನೆಯಲ್ಲಿ ಮಲಗಬಹುದಿತ್ತು. ಆದರೆ ರಜೆ ಹಾಕಿದರೆ ಬದಲಿಗೆ ಒಬ್ಬರು ಬರಬೇಕು. ಬರಲು ಶಾಲಾ ಸಮಿತಿ ಅಧ್ಯಕ್ಷ ರಂಗನಾಯಕನ ಸೊಸೆ ರಮ್ಯ ಸೌಟು ಹಿಡಿದೇ ನಿಂತಿದ್ದಳು. ಒಂದು ದಿನಕ್ಕೆಂದು ಒಳಗೆ ಬಂದವಳು ಮತ್ತೆ ಹೊರಗೆ ಹೋಗುವಷ್ಟು ದಡ್ಡಿಯಲ್ಲ. ಕೆಲಸ ಹೋದರೆ ಇನ್ನೊಂದು ಸಿಗುವ ವಯಸ್ಸು ಪುಟ್ಟಮಾದಮ್ಮನದಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡು ಹೊರಟಳು.

ಹೆಡ್‌ಮಾಸ್ಟರ್ ಮಲ್ಲಿಕಾರ್ಜುನಸ್ವಾಮಿಯವರಿಗೂ ನೆಗಡಿ. ಚಾಮರಾಜನಗರದಿಂದ ಬರುವಾಗ ಬಸ್ಸಿನಲ್ಲಿ ಅಕ್ಕಪಕ್ಕದವರಿಗೆಲ್ಲ ಧಾರಾಳವಾಗಿ ಹಂಚಿ, ಉಳಿದದ್ದನ್ನು ಶಾಲೆಗೆ ತಂದಿದ್ದರು.

"ಕರ್ತವ್ಯ ಅಂದ್ರೇನು ಮಕ್ಕಳೇ? ಹುಷಾರಿಲ್ದಿದ್ರೂ ಬರೋದು!" ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿ, ಮುಂದೆ ನಿಂತ ಒಂದನೇ ಕ್ಲಾಸಿನ ಮೇಲೆ ಆ ಕರ್ತವ್ಯವನ್ನು ಜೋರಾಗಿ ಸೀನಿದರು.

ಪುಟ್ಟಮಾದಮ್ಮ ಬಡಿಸುವ ಮುಂಚೆ ಅಡುಗೆಯನ್ನು ಬಾಯಿಗೆ ಹಾಕಿದವಳಲ್ಲ. ಉಣ್ಣುವವರಿಗಿಂತ ಮೊದಲು ರುಚಿ ನೋಡಿದರೆ ಎಂಜಲಾಗುತ್ತದೆಂದು ಅವಳ ಅತ್ತೆ ಕಲಿಸಿದ್ದಳು. ಕುದಿಯುವ ಸಾರಿನ ಹಬೆ ಮೂಸಿಯೇ ಉಪ್ಪಿನ ಹದ ಹೇಳುತ್ತಿದ್ದಳು. ಇವತ್ತು ಉಪ್ಪು ಹಾಕಿ ಮೂಸಿದಳು. ಏನೂ ಇಲ್ಲ. ಇನ್ನೊಂದು ಹಿಡಿ ಹಾಕಿ ಮೂಸಿದಳು. ಗೋಡೆ ಮೂಸಿದ ಹಾಗಾಯಿತು.

"ಸಾಕು ಕಣಕ್ಕೋ, ಎಷ್ಟು ಸುರಿತೀಯೆ?" ಎಂದಳು ಜೊತೆಯಲ್ಲಿ ಅಡುಗೆ ಮಾಡುವ ಕುಮಾರಿ.

"ವಾಸ್ನೆನೇ ಬತ್ತಿಲ್ವಲ್ಲಮ್ಮಿ."

"ಬತ್ತಿಲ್ದೆ ಇರದು ನಿನ್ ಮೂಗ್ಗೆ. ನಾನೊಂಚೂರು ಬಾಯ್ಗಾಕಿ ನೋಡ್ಲಾ?"

"ಎಂಜಲು ಮಾಡ್ಬುಟ್ಟೀಯೆ, ಸುಮ್ಕಿರು. ರುಚಿ ನೋಡಕ್ಕೆ ಅಂತ್ಲೇ ಸರ್ಕಾರ ಮೇಷ್ಟ್ರ ಮಡಗದೆ" ಎಂದು ಪುಟ್ಟಮಾದಮ್ಮ ಇನ್ನೊಂದು ಹಿಡಿ ಹಾಕಿದಳು.

ಮಕ್ಕಳಿಗೆ ಬಡಿಸುವ ಮೊದಲು ಹೆಡ್‌ಮಾಸ್ಟರು ರುಚಿ ನೋಡಬೇಕೆಂಬುದು ನಿಯಮ. ಅವರಿಗೋ ಗಂಟಲು ನೋವು, ಎಂಜಲು ನುಂಗುವುದೂ ಕಷ್ಟ. ಹಾಗೆಂದು ನಿಯಮ ಮುರಿಯುವವರಲ್ಲ. ಚಮಚವನ್ನು ತುಟಿಗೆ ತೋರಿಸಿ ಹಿಂದಕ್ಕೆ ಕೊಟ್ಟರು.

"ಫಸ್ಟ್ ಕ್ಲಾಸ್! ಉಪ್ಪು, ಹುಳಿ ಎಲ್ಲ ಹದವಾಗಿದೆ" ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು.

ಮೂರನೇ ಕ್ಲಾಸಿನ ಬುಶ್ರಾ ಮೊದಲ ತುತ್ತಿಗೇ ಮುಖ ಕಿವುಚಿದಳು. "ಅಜ್ಜೀ, ಉಪ್ಪಿನಕಾಯಿ ಜಾಡಿಗೆ ಅನ್ನ ಹಾಕ್ದಂಗಿದೆ!"

ತಟ್ಟೆಗಳು ಒಂದೊಂದಾಗಿ ಪಕ್ಕಕ್ಕೆ ಸರಿದವು. ಅಷ್ಟರಲ್ಲಿ ಯಾರು ಹೇಳಿದರೋ, ರಂಗನಾಯಕ ಸೊಸೆಯನ್ನೂ ಕರೆದುಕೊಂಡೇ ಬಂದ. ಬೆರಳು ಅದ್ದಿ ನೆಕ್ಕಿ, ಥೂ ಎಂದು ಉಗಿದ.

"ಈಯಮ್ಮನ ಇವತ್ತೇ ಕಳ್ಸಿ ಸಾ. ನಾಳಿಂದ ನಮ್ ರಮ್ಯ ಬತ್ತಳೆ."

"ಚಮಚ ನಿಮ್ ಕೈಲೇ ಕೊಟ್ಟಿದ್ನಲ್ಲ ಸಾ, ಆಗ್ಲೇ ಒಂದ್ ಮಾತು ಅನ್ಬಾರ್ದಾಗಿತ್ತಾ?" ಎಂದಳು ಪುಟ್ಟಮಾದಮ್ಮ, ಹೆಡ್‌ಮಾಸ್ಟರ ಕಡೆ ತಿರುಗಿ.

ಎಲ್ಲರೂ ಹೆಡ್‌ಮಾಸ್ಟರ ಮುಖ ನೋಡಿದರು. ಉಪ್ಪು ಹೆಚ್ಚೆಂದು ಒಪ್ಪಿದರೆ ರುಚಿ ನೋಡಿಯೇ ಇಲ್ಲವೆಂದು ಒಪ್ಪಿದ ಹಾಗೆ. ಅವರು ಕೆಮ್ಮಿದರು.

"ನಾನೇ ರುಚಿ ನೋಡಿದ್ದೀನಿ ರಂಗನಾಯಕ. ಉಪ್ಪು ಸರಿಯಾಗಿದೆ. ಮಕ್ಕಳಿಗೆ ನೆಗಡಿ, ಬಾಯಿ ಕೆಟ್ಟಿದೆ."

"ಅಂಗಾ? ನೀವೂ ಒಂದ್ ತಟ್ಟೆ ಉಣ್ಣಿ ಸಾ, ಕಣ್ತುಂಬ ನೋಡನ."

ಹೆಡ್‌ಮಾಸ್ಟರು ಕೂತರು. ಇಡೀ ಶಾಲೆ ಸುತ್ತ ನಿಂತಿತು. ಮೊದಲ ತುತ್ತಿಗೆ ಕಿವಿ ಕೆಂಪಾಯಿತು, ಎರಡನೆಯದಕ್ಕೆ ಕಣ್ಣಲ್ಲಿ ನೀರು ಬಂತು.

"ನೆಗಡಿ" ಎಂದರು.

ತಟ್ಟೆ ಖಾಲಿಯಾಗುತ್ತ ಬಂದಂತೆ ರಮ್ಯ ಮಾವನ ಅಂಗಿ ಎಳೆದಳು; ಇಬ್ಬರೂ ಗೇಟಿನತ್ತ ನಡೆದರು. ಕುಮಾರಿ ಮಕ್ಕಳಿಗೆಂದು ಒಲೆಯ ಮೇಲೆ ಬೇರೆ ಬೇಳೆ ಇಟ್ಟಳು. ಪುಟ್ಟಮಾದಮ್ಮ ಹೆಡ್‌ಮಾಸ್ಟರ ಪಕ್ಕ ಬಂದು ಕೈಕಟ್ಟಿ ನಿಂತಳು.

"ನಾಳೆ ನಂಗೆ ರಜಾ ಬೇಕು ಸಾ. ಬದ್ಲಿ ಯಾರೂ ಬ್ಯಾಡ, ಕುಮಾರಿ ಒಬ್ಳೇ ನೋಡ್ಕತಳೆ."

ಬಾಯಿ ತುಂಬ ಅನ್ನವಿದ್ದ ಹೆಡ್‌ಮಾಸ್ಟರು ಬೇಗ ಬೇಗ ತಲೆ ಆಡಿಸಿ, ನೀರಿನ ಚೊಂಬಿಗೆ ಕೈ ಚಾಚಿದರು.