ಒಡೆಸ್ಸಾಳ ಹೆಸರು ಮೊದಲು

ಮ್ಯಾಕ್ಸ್‌ವೆಲ್ ಬೀದಿಯಲ್ಲಿ ನಾನು ಸಾಸೇಜ್ ಸುಡುತ್ತಿದ್ದ ಗಾಡಿಯ ಪಕ್ಕದ ಮೂಲೆ ಥಿಯೋಟಿಸ್ ಗ್ಯಾಂಡಿಯದು ಅಂತ ಅರ್ಧ ಶಿಕಾಗೋಗೇ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ಸಂತೆ ಸೇರುವ ಹೊತ್ತಿಗೆ ಮಹಡಿ ಮನೆಯ ಪಿಂಕ್ನಿ ಅಮ್ಮನ ಕಿಟಕಿಯಿಂದ ಕರೆಂಟು ಎಳೆದು ಅವನು ಗಿಟಾರಿನಲ್ಲಿ ಬ್ಲೂಸ್ ಹಾಡು ಶುರು ಮಾಡಿದರೆ, ಹತ್ತೂವರೆಗೆಲ್ಲ ನನ್ನ ಸಾಸೇಜ್ ಖಾಲಿ.

ನಲವತ್ತೊಂಬತ್ತನೇ ಇಸವಿಯ ಮೇ ತಿಂಗಳು. ಒಂದು ಭಾನುವಾರ ಅವನು ಬರುವಷ್ಟರಲ್ಲಿ ಆ ಮೂಲೆಯಲ್ಲಿ ಒಬ್ಬ ಹೆಂಗಸು ಅದೇ ಕಿಟಕಿಯಿಂದ ವೈರು ಎಳೆದುಕೊಂಡು ಗಿಟಾರ್ ಹಿಡಿದು ಕೂತಿದ್ದಳು. ಒಡೆಸ್ಸಾ ರಕರ್. ಮಿಸಿಸಿಪ್ಪಿಯಿಂದ ಬಂದು ಎರಡು ವರ್ಷ. ವಾರವಿಡೀ ಇದೇ ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಅಪ್ಪ ಪಾದ್ರಿ, ಬ್ಲೂಸ್ ಅಂದರೆ ಸೈತಾನನ ಹಾಡು ಅನ್ನುವವನು. ಅವನು ಪ್ರಾರ್ಥನೆಗೆ ಹೋದಾಗ ಅವ್ವನೇ ಕೋಳಿಗೂಡಿನ ಹಿಂದೆ ಕೂರಿಸಿಕೊಂಡು ಮಗಳಿಗೆ ಗಿಟಾರ್ ಕಲಿಸಿದ್ದಳಂತೆ.

"ಏನಮ್ಮಾ, ದಾರಿ ತಪ್ಪಿ ಬಂದ್ಯಾ? ಇದು ನನ್ನ ಜಾಗ," ಅಂದ ಥಿಯೋಟಿಸ್.

"ಹೌದಾ? ಎಲ್ಲೂ ಹೆಸರು ಬರೆದಿಲ್ವಲ್ಲಣ್ಣ."

"ಇಸ್ತ್ರಿ ಪೆಟ್ಟಿಗೆ ಹಿಡಿಯೋ ಕೈಗೆ ಗಿಟಾರ್ ಯಾಕೆ?"

"ನಿನ್ನ ಅಂಗಿ ನೋಡಿದ್ರೆ, ಇಸ್ತ್ರಿ ಪೆಟ್ಟಿಗೆ ಯಾಕೆ ಬೇಕು ಅಂತ ಗೊತ್ತಾಗುತ್ತೆ."

ಜನ ಹೋ ಅಂತ ನಕ್ಕರು. ಅವನು ಸಿಟ್ಟಿನಿಂದ ತನ್ನ ವೈರೂ ಸಿಕ್ಕಿಸಿ ಜೋರಾಗಿ ಬಾರಿಸಿದ. ಅವಳದು ಇನ್ನೂ ಜೋರು. ಮೂರೇ ನಿಮಿಷ, ಢಪ್! ಇಡೀ ಕಟ್ಟಡದ ಫ್ಯೂಸ್ ಹೋಯಿತು. ಕೂದಲು ಗುಂಗುರು ಮಾಡುವ ಸುರುಳಿಗಳನ್ನು ಅರ್ಧ ತಲೆಗಷ್ಟೇ ಸುತ್ತಿಕೊಂಡಿದ್ದ ಪಿಂಕ್ನಿ ಅಮ್ಮ ದಡದಡ ಇಳಿದು ಬಂದಳು.

"ಇನ್ಮೇಲೆ ಒಂದೇ ವೈರು! ಕೂಡಿ ಬಾರಿಸ್ತೀರೋ, ಇಬ್ರೂ ಜಾಗ ಖಾಲಿ ಮಾಡ್ತೀರೋ?"

ಒಂದೇ ಆಂಪ್ಲಿಫೈಯರಿಗೆ ಎರಡೂ ಗಿಟಾರ್ ಸಿಕ್ಕಿಸಿದರು. ಮೊದಲ ಹಾಡಿನಲ್ಲಿ ಜಗಳ, ಎರಡನೆಯದರಲ್ಲಿ ಮಾತುಕತೆ. ಮೂರನೆಯದಕ್ಕೆ ಥಿಯೋಟಿಸ್ ಬಾರಿಸುವುದನ್ನೇ ಮರೆತು ಅವಳ ಕೈ ನೋಡುತ್ತ ನಿಂತ. ಅವಳು ಒಡೆದ ಬಾಟಲಿಯ ಕುತ್ತಿಗೆಯನ್ನು ಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸಿದರೆ ಯಾರೋ ಹಿಂದಿನಿಂದ ನಮ್ಮ ಹೆಸರು ಹಿಡಿದು ಕರೆದಂತಾಗುತ್ತಿತ್ತು. ಕೇಳುತ್ತ ಕೇಳುತ್ತ ನಾನು ಎರಡು ಸಾಸೇಜ್ ಸೀಯಿಸಿದೆ.

ಮೂರು ವರ್ಷ ಹೀಗೇ ನಡೆಯಿತು. ಆಮೇಲೆ ರೆಕಾರ್ಡ್ ಕಂಪನಿಯವನೊಬ್ಬ ಬಂದ. "ಹೆಂಗಸು ಗಿಟಾರ್ ಬಾರಿಸಿದ್ರೆ ಯಾರೂ ಕೊಳ್ಳಲ್ಲ," ಅಂತ ಥಿಯೋಟಿಸ್‌ನೊಬ್ಬನನ್ನೇ ಕರೆದ. ಇವನು ಹೋಗಿಯೇಬಿಟ್ಟ. ಮುಂದಿನ ಭಾನುವಾರ ಒಡೆಸ್ಸಾ ಒಬ್ಬಳೇ ಬಂದು ಕೂತಳು. ಆವತ್ತು ಒಂದು ಸಲವೂ ನಗಲಿಲ್ಲ, ಅಷ್ಟೇ.

ಅವನ ರೆಕಾರ್ಡು ಕೇಳಿದೆ. ಕೈಯೇನೋ ಚೆನ್ನಾಗಿತ್ತು, ಆದರೆ ಪ್ರತಿ ಸಾಲಿನ ಕೊನೆಗೂ ಯಾರದೋ ಉತ್ತರಕ್ಕೆ ಕಾಯುವವನ ಹಾಗೆ ತಡೆದು ನಿಲ್ಲುತ್ತಿದ್ದ. ಮಾರಾಟವಾಗಲಿಲ್ಲ. ಸೆಪ್ಟೆಂಬರಿನಲ್ಲಿ ವಾಪಸು ಬಂದು ನನ್ನ ಗಾಡಿಯ ಮರೆಯಲ್ಲಿ ನಿಂತ.

"ಹೋಗಿ ಮಾತಾಡ್ಸೋ," ಅಂದೆ.

"ಭಯ ಆಗುತ್ತೆ ಕಣೋ."

ಒಡೆಸ್ಸಾಗೆ ಕೇಳಿಸಿತ್ತು. "ಆಗ್ಲೇಬೇಕು. ತಪ್ಪಾಯ್ತು ಅಂತ ಎಲ್ಲರ ಮುಂದೆ ಹೇಳು."

"ತಪ್ಪಾಯ್ತು ಒಡೆಸ್ಸಾ."

"ಇನ್ಮೇಲೆ ಇಲ್ಲೊಂದು ಬೋರ್ಡು ಇರುತ್ತೆ, ಅದ್ರಲ್ಲಿ ನನ್ನ ಹೆಸರು ಮೊದಲು. ಅಕ್ಷರಾನೂ ದೊಡ್ಡದು."

"ಎಷ್ಟು ದೊಡ್ಡದು ಮಾರಾಯ್ತಿ?"

"ಪಿಂಕ್ನಿ ಅಮ್ಮಂಗೆ ಕನ್ನಡಕ ಇಲ್ದೆ ಕಾಣೋವಷ್ಟು."

ಆಮೇಲೆ ಇಪ್ಪತ್ತು ವರ್ಷ ಇಬ್ಬರೂ ಕೂಡಿ ಊರೂರು ಸುತ್ತಿದರು. ಮದುವೆಯಾದರಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಅವಳು ಲಾಂಡ್ರಿ ವ್ಯಾನಿನ ಡ್ರೈವರನ್ನು ಮದುವೆಯಾದಳು. ಥಿಯೋಟಿಸ್ ಆ ಮದುವೆಯಲ್ಲಿ ಗಿಟಾರ್ ಬಾರಿಸಿ, ಗಡದ್ದಾಗಿ ಊಟ ಮಾಡಿದ.

ಅರವತ್ತೆಂಟರಲ್ಲಿ, ಸಮುದ್ರದಾಚೆ ಇಬ್ಬರೂ ಕಚೇರಿಗೆ ಹೋಗಿದ್ದ ಕೋಪನ್‌ಹೇಗನ್ನಿನಿಂದ ನನಗೊಂದು ಕಾರ್ಡು ಬಂತು, ಒಡೆಸ್ಸಾಳ ಕೈಬರಹ: "ಇಲ್ಲಿ ಜನ ಚರ್ಚಿನಲ್ಲಿ ಕೂತ ಹಾಗೆ ಸುಮ್ನೆ ಕೂತು ಕೇಳ್ತಾರೆ, ಪಾಪ. ನಾಲ್ಕನೇ ಹಾಡಿಗೆ ನಾನೇ ಕೆಳಗಿಳಿದು ಹೋಗಿ ಎಬ್ಬಿಸಿ ಕುಣಿಸಿದೆ."