ಓರೆ ಹಿಡಿಯ ಹೂಜಿ

ನನ್ನ ಒಡಹುಟ್ಟಿದವರು ಲಕ್ಷಗಟ್ಟಲೆ ಇದ್ದಾರೆ. ಎಲ್ಲರೂ ಹೆಂಚುಗಳು. ಮಂಗಳೂರಿನ ಮನೆಗಳ ಮಾಡಿನ ಮೇಲೆ ಸಾಲಾಗಿ ಮಲಗಿ ಬಿಸಿಲು ಕಾಯಿಸಿಕೊಳ್ಳುತ್ತಾರೆ. ಅದೇ ನೇತ್ರಾವತಿ ದಡದ ಜೇಡಿಮಣ್ಣಿನಿಂದ, ಅದೇ ಕಾರ್ಖಾನೆಯ ಭಟ್ಟಿಯಲ್ಲಿ ಬೆಂದು ಹೂಜಿಯಾಗಿ ಹೊರಬಂದವಳು ನಾನೊಬ್ಬಳೇ. ಹೆಂಚಿನ ಬೆನ್ನಿಗೆ ಕಾರ್ಖಾನೆಯ ಹೆಸರು ಒತ್ತುತ್ತಾರೆ. ಊಟದ ಬಿಡುವಿನಲ್ಲಿ, ಉಳಿಕೆ ಮಣ್ಣಿನಲ್ಲಿ ಹುಟ್ಟಿದ ನನಗೆ ಯಾರು ಮುದ್ರೆ ಒತ್ತುತ್ತಾರೆ? ನನ್ನ ಬುಡ ಬೋಳಾಗಿಯೇ ಉಳಿಯಿತು.

ನನ್ನನ್ನು ಮಾಡಿದವರು ಜಕರಿಯ ಮೇಸ್ತ್ರಿ. ಹೆಂಚು ಒತ್ತುವ ಯಂತ್ರದ ಚಕ್ರ ತಿರುಗಿಸುವುದು ಅವರ ಕೆಲಸ, ಯಂತ್ರದ ಬಾಯಿಗೆ ಹಸಿಮಣ್ಣಿನ ಬಿಲ್ಲೆ ಇಡುವುದು ಸಂಜೀವಿಯ ಕೆಲಸ. ಒಂದು ದಿನ ಬಿಲ್ಲೆ ಸ್ವಲ್ಪ ಜಾರಿತು. ಸರಿಪಡಿಸಲು ಅವಳು ಮತ್ತೆ ಕೈ ಹಾಕಿದಳು, ಅಷ್ಟರಲ್ಲಿ ಚಕ್ರ ತಿರುಗಿಬಿಟ್ಟಿತ್ತು. ಬಲಗೈಯ ನಾಲ್ಕು ಬೆರಳು ಹೋದವು, ಹೆಬ್ಬೆರಳೊಂದು ಉಳಿಯಿತು. ತಪ್ಪು ಯಾರದೂ ಅಲ್ಲ ಎಂದು ಎಲ್ಲರೂ ಹೇಳಿದರು. ಮೇಸ್ತ್ರಿಯವರಿಗೆ ಮಾತ್ರ ಹಾಗೆ ಅನಿಸಲೇ ಇಲ್ಲ. ಮಣ್ಣು ಕಲಸುವಾಗಲೆಲ್ಲ ಇದನ್ನೇ ಗೊಣಗುತ್ತಿದ್ದರು, ಹಾಗಾಗಿ ನನಗೆ ಗೊತ್ತು.

ಸಂಜೀವಿ ಗಟ್ಟಿಗಿತ್ತಿ. ಆರು ತಿಂಗಳಲ್ಲಿ ಎಡಗೈಯಿಂದ ಗುಡಿಸಿದಳು, ಬೇಯಿಸಿದಳು, ಏಳು ವರ್ಷದ ಮಗಳು ಗುಲಾಬಿಗೆ ಜಡೆಯನ್ನೂ ಹಾಕಿದಳು. ಒಂದೇ ಒಂದು ಕೆಲಸ ಆಗಲಿಲ್ಲ. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಅದನ್ನು ಬಲಗೈಯಿಂದಲೇ ಕೊಡಬೇಕು, ಎಡಗೈಯಿಂದ ಕೊಟ್ಟರೆ ಬಂದವರಿಗೆ ಅವಮಾನ. ಎರಡು ಸಲ ಗುಲಾಬಿಯ ಕೈಯಲ್ಲಿ ಕೊಡಿಸಿ ನೋಡಿದಳು. ಬಂದವರ ಕಣ್ಣು ನೀರಿನ ಮೇಲಿರಲಿಲ್ಲ, ಅವಳು ಸೆರಗಿನಡಿ ಅಡಗಿಸಿದ ಕೈಯ ಮೇಲಿತ್ತು. ಆಮೇಲೆ ಅಂಗಳದಲ್ಲಿ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಬಾಗಿಲು ಹಾಕಿಕೊಂಡು ಒಳಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಜನ ಎಷ್ಟು ದಿನ ಅಂತ ಮುಚ್ಚಿದ ಬಾಗಿಲು ತಟ್ಟುತ್ತಾರೆ? ಬರುವುದನ್ನೇ ಬಿಟ್ಟರು.

ಒಂದು ಭಾನುವಾರ ಮೇಸ್ತ್ರಿಯವರು ಬಾಳೆಎಲೆಯಲ್ಲಿ ಹಸಿಮಣ್ಣಿನ ಮುದ್ದೆ ಕಟ್ಟಿಕೊಂಡು ಸಂಜೀವಿಯ ಮನೆಗೆ ಹೋದರು. ಆ ಮುದ್ದೆಯೇ ನಾನು. ಬಾಗಿಲು ಎಂದಿನಂತೆ ಮುಚ್ಚಿತ್ತು. ಅವರು ಜಗಲಿಯ ಮೇಲೆ ಕುಳಿತು ಬಾಗಿಲಿನೊಡನೆಯೇ ಮಾತಾಡತೊಡಗಿದರು. ತುಂಬಾ ಹೊತ್ತಾದ ಮೇಲೆ ಬಾಗಿಲು ಒಂದಿಷ್ಟು ತೆರೆಯಿತು.

"ಕೈ ಒಮ್ಮೆ ತೋರಿಸು ಮಾರಾಯ್ತಿ," ಎಂದರು ಮೇಸ್ತ್ರಿ. "ಅಳತೆ ಇಲ್ಲದೆ ನಾನು ಹೂಜಿ ಹೇಗೆ ಮಾಡುದು?"

ಸೆರಗಿನಿಂದ ಆ ಕೈ ಮೆಲ್ಲಗೆ ಹೊರಬಂತು. ಅವಳು ಅದನ್ನು ನನ್ನ ಮೇಲೆ ಒತ್ತಿದಳು. ಬಿಸಿಯಾಗಿತ್ತು. ಅದಕ್ಕಿಂತ ಹಿಂದಿನದು ನನಗೆ ಹೆಚ್ಚೇನೂ ನೆನಪಿಲ್ಲ.

ಮೇಸ್ತ್ರಿಯವರು ನನಗೆ ಮಣಿಕಟ್ಟು ತೂರುವಷ್ಟು ದೊಡ್ಡ ಹಿಡಿ ಇಟ್ಟರು. ಅಂಗೈ ಊರಲು ಒಳಗೊಂದು ಅಗಲದ ಪಟ್ಟಿ, ಹೆಬ್ಬೆರಳಿಗೆ ಮೇಲೊಂದು ಗುಳಿ. ಹಿಡಿಯನ್ನು ಮೂತಿಗೆ ನೇರ ಎದುರು ಕೂರಿಸದೆ ಬೇಕೆಂದೇ ಬಲಕ್ಕೆ ಓರೆಯಾಗಿ ಕೂರಿಸಿದರು, ಮೊಣಕೈ ಸ್ವಲ್ಪ ಎತ್ತಿದರೆ ನೀರು ಬೀಳುವಂತೆ. ಆಗ ಕಾರ್ಖಾನೆಯಲ್ಲಿ ಅಲಂಕಾರದ ಹೆಂಚಿಗೆ ಕಂದು ಬಣ್ಣದ ಹೊಳಪು ಬಳಿಯುತ್ತಿದ್ದರು. ಡಬ್ಬಿಯ ತಳದಲ್ಲಿ ಉಳಿದದ್ದನ್ನು ನನ್ನ ಮೈಗೆ ಬಳಿದರು. ಅರ್ಧಕ್ಕೇ ಮುಗಿಯಿತು. ಸೊಂಟದ ಕೆಳಗೆ ನಾನು ಇಂದಿಗೂ ಬರೀ ಹೆಂಚು.

ನನ್ನಿಂದ ಮೊದಲು ನೀರು ಕುಡಿದವರು ಮೇಸ್ತ್ರಿಯವರೇ. ಸಂಜೀವಿ ತಟ್ಟೆಯಲ್ಲಿ ಬೆಲ್ಲ ಇಟ್ಟಳು, ಬಲಗೈಯನ್ನು ನನ್ನ ಹಿಡಿಯೊಳಗೆ ತೂರಿಸಿದಳು, ಅವರ ಕೈಯಲ್ಲಿದ್ದ ಲೋಟಕ್ಕೆ ಬಗ್ಗಿಸಿದಳು. ಒಂದು ಹನಿಯೂ ಚೆಲ್ಲಲಿಲ್ಲ. ಬಾಯಾರಿಕೆ ಇತ್ತೋ ಇಲ್ಲವೋ, ಮೇಸ್ತ್ರಿಯವರು ಮೂರು ಲೋಟ ಕುಡಿದರು. ಮರುದಿನದಿಂದ ಆ ಬಾಗಿಲು ಹಗಲಿಡೀ ತೆರೆದೇ ಇತ್ತು.

ಮೂವತ್ತು ವರ್ಷ ನಾನು ಆ ಜಗಲಿಯಲ್ಲಿದ್ದೆ. ಬೀಡಿ ಎಲೆ ತರುವವರು, ಅಂಚೆಯವರು, ಗುಲಾಬಿಯನ್ನು ನೋಡಲು ಬಂದ ಗಂಡಿನ ಕಡೆಯವರು, ಎಲ್ಲರಿಗೂ ನೀರು ಕೊಟ್ಟೆ. ಗುಲಾಬಿ ಮದುವೆಯಾಗಿ ಬಂಟ್ವಾಳದ ಕಡೆ ಹೋದಳು. ಮೇಸ್ತ್ರಿಯವರು ಹೋದರು, ಕೆಲವು ವರ್ಷಕ್ಕೆ ಸಂಜೀವಿಯೂ ಹೋದಳು. ಅದು ಬಾಡಿಗೆ ಮನೆ. ಗುಲಾಬಿ ಸಾಮಾನು ಒಯ್ಯಲು ಬರುವಷ್ಟರಲ್ಲಿ ಯಜಮಾನರು ಮನೆ ಕೆಡವಿಸಿ ಎಲ್ಲವನ್ನೂ ಉಮರಬ್ಬನ ಗುಜರಿ ಅಂಗಡಿಗೆ ಸಾಗಿಸಿದ್ದರು. ಉಮರಬ್ಬ ಒಳ್ಳೆಯವನೇ, ಆದರೆ ನನ್ನೊಳಗೆ ತುಕ್ಕು ಹಿಡಿದ ಮೊಳೆ ತುಂಬಿಸಿಟ್ಟ. ನೀರು ಕೊಟ್ಟ ಹೊಟ್ಟೆಗೆ ಮೊಳೆ. ಎಷ್ಟೋ ವರ್ಷ ಹಾಗೇ ಕೂತಿದ್ದೆ.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವರು ಕಾಲೇಜಿನಲ್ಲಿ ಇತಿಹಾಸ ಕಲಿಸುವ ಲವೀನಾ ಮೇಡಂ. ಹೆಂಚಿನ ಕಾರ್ಖಾನೆಗಳ ನೆನಪಿಗೆ ಅವರು ಒಂದು ಕೋಣೆ ಕಟ್ಟುತ್ತಿದ್ದರು. ಮೊಳೆ ಸುರಿದು, ತೊಳೆದು, ಭೂತಗನ್ನಡಿ ಹಿಡಿದು ನನ್ನ ಬುಡ ನೋಡಿದರು. ಹೆಸರು ಸಿಗದಿದ್ದರೂ ಸೋಲಲಿಲ್ಲ. ಮಣ್ಣನ್ನು ಹೆಂಚಿನ ಚೂರಿನ ಪಕ್ಕ ಇಟ್ಟು ಹೋಲಿಸಿದರು. ಆ ಕಂದು ಹೊಳಪನ್ನು ನಾಲ್ಕೇ ವರ್ಷ ಬಳಿದಿದ್ದರೆಂದು ಹಳೆಯ ಕಡತದಲ್ಲಿ ಹುಡುಕಿ, ನನ್ನ ವಯಸ್ಸು ಅರವತ್ತು ಎಂದು ಚೀಟಿಯಲ್ಲಿ ಬರೆದರು. ಬಹಳ ಸರಿ. ಎಡವಿದ್ದು ಅದರ ಮುಂದಿನ ಸಾಲಿನಲ್ಲಿ: "ಉಪಯೋಗ ತಿಳಿದಿಲ್ಲ. ಹಿಡಿ ಓರೆಯಾಗಿದೆ, ಕೆಲಸ ಕಲಿಯುವವರು ಮಾಡಿರಬಹುದು."

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಮೇಸ್ತ್ರಿಯವರು ಜೀವಮಾನದಲ್ಲಿ ಅಷ್ಟು ಅಳೆದು ಮಾಡಿದ ಕೆಲಸ ಬೇರೊಂದಿಲ್ಲ.

ಕೋಣೆ ತೆರೆದ ದಿನ ಹಳೆಯ ಕೆಲಸಗಾರರ ಮನೆಯವರನ್ನೆಲ್ಲ ಕರೆದಿದ್ದರು. ನರೆತ ತಲೆಯ ಒಬ್ಬ ಹೆಂಗಸು ನನ್ನ ಗಾಜಿನ ಪೆಟ್ಟಿಗೆಯ ಮುಂದೆ ಬಂದು ನಿಂತವಳು ಕದಲಲಿಲ್ಲ. ಚೀಟಿಯನ್ನು ಎರಡು ಸಲ ಓದಿದಳು. ಕೆನ್ನೆಯ ಮಚ್ಚೆ ನೋಡಿ ನನಗೆ ಗುರುತು ಸಿಕ್ಕಿತು. ಗುಲಾಬಿ.

ಗಾಜು ತೆಗೆಯಿರಿ, ಸ್ವಲ್ಪ ನೀರು ತನ್ನಿ ಎಂದು ಅವಳು ಮೇಡಂ ಬಳಿ ಕೇಳಿದಳು. ಬಲಗೈಯ ನಾಲ್ಕು ಬೆರಳನ್ನು ಒಳಕ್ಕೆ ಮಡಚಿದಳು. ಚಿಕ್ಕವಳಿದ್ದಾಗ ಅಮ್ಮನಂತೆ ಆಡುತ್ತಾ ಹೀಗೆಯೇ ಮಡಚುತ್ತಿದ್ದಳು. ಆ ಕೈ ನನ್ನ ಹಿಡಿಯೊಳಗೆ ತೂರಿತು, ಮೊಣಕೈ ಎದ್ದಿತು, ಲೋಟ ತುಂಬಿತು.

"ನನ್ನ ಅಮ್ಮನಿಗೆ ಬೆರಳಿರಲಿಲ್ಲ ಮೇಡಂ," ಎಂದಳು. "ಬಂದವರಿಗೆ ಬಲಗೈಯಲ್ಲೇ ನೀರು ಕೊಡ್ಲಿಕ್ಕೆ ಅಂತ ಜಕರಿಯ ಮೇಸ್ತ್ರಿ ಮಾಡಿದ್ದು ಇದು."

ಮೇಡಂ ಲೋಟ ತೆಗೆದುಕೊಂಡು ಪೂರ್ತಿ ಕುಡಿದರು. ಚೀಟಿಯನ್ನು ಕಿತ್ತು, ಇಬ್ಬರ ಹೆಸರೂ ಕೇಳಿ ಹೊಸದು ಬರೆದರು. ಇದು ನಿಮ್ಮದು, ಮನೆಗೆ ಒಯ್ಯಿರಿ ಎಂದೂ ಹೇಳಿದರು. ಗುಲಾಬಿ ನನ್ನ ಹೊಟ್ಟೆ ಸವರಿದಳು.

"ಬೇಡ, ಇಲ್ಲೇ ಇರಲಿ. ಇಲ್ಲಿಗಾದ್ರೆ ದಿನಾ ಜನ ಬರ್ತಾರಲ್ಲ. ಅಮ್ಮನಿಗೆ ಜನ ಬರುದಂದ್ರೆ ಖುಷಿ."

ಈಗ ನಾನು ಗಾಜಿನ ಹಿಂದೆ ಖಾಲಿ ಕೂತಿದ್ದೇನೆ. ಕೋಣೆಯ ಬಾಗಿಲಲ್ಲಿ ಮೇಡಂ ಒಂದು ಕೊಡ ನೀರನ್ನೂ ಒಂದು ಡಬ್ಬಿ ಬೆಲ್ಲವನ್ನೂ ಇರಿಸಿದ್ದಾರೆ. ಬರುವ ಮಕ್ಕಳು ಬೆಲ್ಲ ಚೀಪುತ್ತಾ ನನ್ನ ಚೀಟಿ ಓದುತ್ತಾರೆ, ಓದಿದ ಮೇಲೆ ತಮ್ಮ ನಾಲ್ಕು ಬೆರಳು ಮಡಚಿ ನೋಡಿಕೊಳ್ಳುತ್ತಾರೆ. ಬಾಗಿಲು ಹಗಲಿಡೀ ತೆರೆದೇ ಇರುತ್ತದೆ.